ಮುಂದಿನ ಕೆಲಸದ ದಿನ

ತನ್ನ ಸ್ವಂತ ಗಂಡನಿಗೆ ಹೆಸರಿಲ್ಲದ ಎಚ್ಚರಿಕೆಯ ಸಂದೇಶ ಕಳಿಸಿದ ಮೇಲೆ ಮೆನ್ನೊ ಮಾಡಿದ ಮೊದಲ ಕೆಲಸವೆಂದರೆ ಕುರ್ಚಿಗಳನ್ನು ಎಣಿಸಿದ್ದು. ಹದಿಮೂರು ಬೇಕಿತ್ತು, ಹನ್ನೊಂದಿದ್ದವು. ಪಕ್ಕದ ಮನೆಯ ಬೆರ್ಟಸ್‌ನಿಂದ ಎರಡು ಮಡಚುವ ಕುರ್ಚಿ ತಂದ. ಸೋಫಾವನ್ನು ಗೋಡೆಗೆ ಒತ್ತಿ, ಮೇಜನ್ನು ಮೂಲೆಗೆ ಸರಿಸಿ, ಎಲ್ಲವನ್ನೂ ವೃತ್ತವಾಗಿ ಜೋಡಿಸಿ, ಬಾಗಿಲಲ್ಲಿ ನಿಂತು ನೋಡಿದ. ಯಾರ ಬೆನ್ನೂ ಯಾರಿಗೂ ಕಾಣದ, ಯಾರ ಮುಖವೂ ಯಾರಿಂದಲೂ ತಪ್ಪಿಸಿಕೊಳ್ಳಲಾಗದ ಏರ್ಪಾಟು. ಡೇವೆಂಟರ್ ಊರಿನಲ್ಲಿ ಹುಟ್ಟುಹಬ್ಬದವನನ್ನು ಹೀಗೇ ಸುತ್ತುವರಿಯುತ್ತಾರೆ. ಗಂಡ ರೂಲೊಫ್‌ಗೆ ಇವತ್ತು ಅರವತ್ತು. ಕೇಕ್ ತರಲು ಸೈಕಲ್ ಹತ್ತಿ ಹೋಗಿದ್ದ, ಹೋಗುವಾಗ ಮೆನ್ನೊನ ಬೋಳುತಲೆಗೆ ಮುತ್ತಿಟ್ಟು, "ಯಾಕೋ ಮುಖ ಹಿಂಡ್ಕೊಂಡಿದ್ದೀಯ? ಅರವತ್ತಾಗಿರೋದು ನಂಗೆ, ನಿಂಗಲ್ಲ" ಎಂದಿದ್ದ. ಸೈಕಲ್ಲಿನ ಗಂಟೆ ಬೀದಿಯ ಮೂಲೆ ದಾಟುವುದನ್ನೇ ಕಾದು ಮೆನ್ನೊ ಶೌಚದ ಕೋಣೆಗೆ ಹೋಗಿ, ಮುಚ್ಚಳ ಹಾಕಿದ ಕಮೋಡಿನ ಮೇಲೆ ಕೂತು, ಫೋನಿನಲ್ಲಿ ನಗರದ ಆರೋಗ್ಯ ಇಲಾಖೆಯ ಪುಟ ತೆರೆದಿದ್ದ. ಕಾಯಿಲೆಯನ್ನು ಆರಿಸಿ. ಆರಿಸಿದ. ಎಚ್ಚರಿಸಬೇಕಾದವರ ಸಂಖ್ಯೆ ಬರೆಯಿರಿ. ಆ ಸಂಖ್ಯೆ ಅವನ ಬೆರಳಿಗೇ ಬಾಯಿಪಾಠವಾಗಿತ್ತು. ನಿಮ್ಮ ಹೆಸರಿನೊಂದಿಗೆ, ಅಥವಾ ಹೆಸರಿಲ್ಲದೆ. ಬೆರಳು ಸ್ವಲ್ಪ ಹೊತ್ತು ನಿಂತಿತು, ನಂತರ ಅವನನ್ನು ಕೇಳದೆಯೇ ಎರಡನೆಯದನ್ನು ಒತ್ತಿತು.

ಅವನು ಲೆಕ್ಕಾಚಾರವಿಲ್ಲದ ಮನುಷ್ಯನಲ್ಲ. ಇವತ್ತು ಶನಿವಾರ. ಇಲಾಖೆಯ ಸಂದೇಶಗಳು ಮುಂದಿನ ಕೆಲಸದ ದಿನ ಹೊರಡುತ್ತವೆ, ಅಂದರೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಈ ದೇಶದಲ್ಲಿ ಯಾವ ಕಚೇರಿಯೂ ಶನಿವಾರ ಕಣ್ಣು ತೆರೆದದ್ದಿಲ್ಲ. ನಾಳೆ ಸಂಜೆ, ನೆಂಟರೆಲ್ಲ ಹೋಗಿ, ಹೂಗಳನ್ನೆಲ್ಲ ನೀರಿಗೆ ಹಾಕಿ ಆದ ಮೇಲೆ, ಅವನೇ ರೂಲೊಫ್‌ನ ಕೈ ಹಿಡಿದು ಹೇಳುತ್ತಾನೆ. ಹೇಳಲಾಗದಿದ್ದರೆ ಸೋಮವಾರ ಸಂದೇಶ ಹೇಳುತ್ತದೆ. ತಾನು ಹೇಡಿಯಾದರೂ ಕೆಲಸ ಕೆಡಬಾರದು ಎಂದು ಮಾಡಿಕೊಂಡ ಮುನ್ನೆಚ್ಚರಿಕೆ ಇದು. ಎದುರಿನ ಗೋಡೆಯಲ್ಲಿ ಹುಟ್ಟುಹಬ್ಬಗಳ ಪಂಚಾಂಗ ತೂಗುತ್ತಿತ್ತು. ವಾರವಿಲ್ಲ, ಇಸವಿಯಿಲ್ಲ, ತಾರೀಖು ಮಾತ್ರ, ಒಮ್ಮೆ ಹೆಸರು ಬರೆದರೆ ಜನ್ಮವಿಡೀ ನಡೆಯುತ್ತದೆ. ಮೇ ಹದಿನೇಳರ ಎದುರು ರೂಲೊಫ್. ಅದರ ಕೆಳಗೆ, ಇಪ್ಪತ್ತೆರಡಕ್ಕೆ, ಹಳೆಯ ಗೆಳೆಯ ಕೇಸ್. ಕೇಸ್ ಸತ್ತು ಮೂವತ್ತು ವರ್ಷವಾಗುತ್ತ ಬಂತು. ಒಳ್ಳೆಯ ಮಾತ್ರೆಗಳು ಬರುವುದಕ್ಕೆ ಎಂಟು ತಿಂಗಳ ಮುಂಚೆ ಸತ್ತ. ಮೆನ್ನೊ ಆ ಎಂಟು ತಿಂಗಳು ಉಳಿದುಕೊಂಡ, ಅಷ್ಟೇ ವ್ಯತ್ಯಾಸ. ಅದರಲ್ಲಿ ಅವನ ಯೋಗ್ಯತೆ ಏನೂ ಇರಲಿಲ್ಲ. ಪಂಚಾಂಗದಲ್ಲಿ ಅಂಥ ಏಳು ಹೆಸರುಗಳಿದ್ದವು. ಅಳಿಸಲು ಯಾರಿಗೂ ಮನಸ್ಸು ಬರಲಿಲ್ಲ. ಪ್ರತಿ ವರ್ಷ ಅವರಿಗೆ ಇಲ್ಲಿ, ಕಮೋಡಿನ ಎದುರು, ವಯಸ್ಸಾಗುತ್ತಿತ್ತು.

ಆ ಏಳು ಜನರಿಗಾಗಿಯೇ ಅವನು ಒಳ್ಳೆಯ ರೋಗಿಯಾದದ್ದು. ಇಪ್ಪತ್ತೊಂಬತ್ತು ವರ್ಷ ಒಂದು ಮಾತ್ರೆ ತಪ್ಪಿಸಿರಲಿಲ್ಲ. ರಕ್ತದಲ್ಲಿ ಎಚ್‌ಐವಿ ಹುಡುಕಿದರೂ ಸಿಗದಷ್ಟು ಅಡಗಿಹೋಗಿತ್ತು. ರೂಲೊಫ್‌ಗೆ ಅದು ದಾಟುವ ಪ್ರಶ್ನೆಯೇ ಇಲ್ಲ ಎಂದು ಡಾಕ್ಟರು ಹತ್ತು ವರ್ಷದ ಹಿಂದೆ ಕೈಕುಲುಕಿ ಹೇಳಿದ್ದರು. ಶಾಲೆಯೊಂದರ ಪಹರೆಯ ಕೆಲಸದಲ್ಲಿದ್ದವನು ಸಂಜೆ ತರಗತಿಗೆ ಹೋಗಿ ಆಪ್ತ ಸಮಾಲೋಚನೆಯ ಪ್ರಮಾಣಪತ್ರ ಪಡೆದ. ಒಂಬತ್ತು ವರ್ಷದಿಂದ ಪ್ರತಿ ಮಂಗಳವಾರ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಎಚ್‌ಐವಿ ಇರುವವರ ಎದುರು, ನೀಲಿ ನಮೂನೆ ಹಿಡಿದು ಕೂರುತ್ತಾನೆ. ಅವರ ದೇಹದೊಳಗೆ ಎರಡನೆಯ ವೈರಸ್ ಯಾವುದಾದರೂ ನುಸುಳಿದೆಯೇ, ನುಸುಳಿದ್ದರೆ ಯಾವ ಬಾಗಿಲಿನಿಂದ, ಎಂದು ಕೇಳುವ ಹದಿನಾಲ್ಕು ಪ್ರಶ್ನೆಗಳು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ. ಸೂಜಿ ಹಂಚಿಕೊಂಡಿದ್ದೀರಾ. ಮಾದಕ ಪುಡಿ ಎಳೆಯುವ ಕೊಳವೆ. ಹಚ್ಚೆ. ಕ್ಷೌರದ ಕತ್ತಿ. ಹೊರದೇಶದ ಹಲ್ಲಿನ ವೈದ್ಯ. ಕಳೆದ ಆರು ತಿಂಗಳಲ್ಲಿ ಎಷ್ಟು ಜನ, ಯಾವ ರಕ್ಷಣೆಯಿಂದ. ಈ ಹನ್ನೊಂದನೆಯ ಪ್ರಶ್ನೆಯ ಕೊನೆಗೆ 'ಗೊತ್ತಿಲ್ಲ' ಎಂಬ ಚೌಕವಿದೆ. ಮೆನ್ನೊ ಅದನ್ನು ತುಂಬಲು ಬಿಡುತ್ತಿರಲಿಲ್ಲ. ಪೆನ್ನು ಕೆಳಗಿಟ್ಟು, ತಲೆ ತುಸು ವಾಲಿಸಿ, ತಾನೇ ರೂಢಿಸಿಕೊಂಡ ಒಂದು ಬೆಚ್ಚಗಿನ ದನಿಯಲ್ಲಿ, "ಅವಸರ ಇಲ್ಲ. ಗೊತ್ತಿಲ್ಲ ಅನ್ನೋದು ಯಾರಿಗೂ ಇರಲ್ಲ, ಹೇಳೋಕೆ ಆಗಲ್ಲ ಅನ್ನೋದು ಇರುತ್ತೆ" ಎನ್ನುತ್ತಿದ್ದ. ಆ ವಾಕ್ಯವನ್ನು ನರ್ಸ್ ಇಮ್ಕೆ ಹೊಸಬರ ತರಬೇತಿಯಲ್ಲಿ ಬಳಸಿಕೊಂಡಿದ್ದಳು.

ನಿನ್ನೆ ಐದಕ್ಕೆ ಹತ್ತು ನಿಮಿಷವಿರುವಾಗ ಫೋನ್ ಮಾಡಿದ್ದು ಅದೇ ಇಮ್ಕೆ.

"ಮೆನ್ನೊ, ಕೂತಿದ್ದೀಯಾ?"

ಕೂತಿದ್ದೀಯಾ ಎಂದು ಮೊದಲು ಕೇಳಬೇಕೆಂದು ಅವಳಿಗೆ ಹೇಳಿಕೊಟ್ಟವನು ಅವನೇ. ಹೀಗಾಗಿ ಉಳಿದದ್ದನ್ನು ಅವಳು ಹೇಳುವ ಮೊದಲೇ ಅವನಿಗೆ ತಿಳಿಯಿತು.

"ಹೆಪಟೈಟಿಸ್ ಸಿ ಬಂದಿದೆ ಕಣೋ. ಜನವರೀಲಿ ಇರಲಿಲ್ಲ, ಈಗ ಇದೆ. ಹನ್ನೆರಡು ವಾರ ಮಾತ್ರೆ ನುಂಗು, ಹೋಗ್ತದೆ. ನಿಂಗೆ ನಾನು ಹೇಳ್ಬೇಕಾ? ಆದ್ರೆ ರೂಲೊಫ್ ಬಂದು ರಕ್ತ ಕೊಡ್ಬೇಕು. ನೀನು ಹೇಳ್ತೀಯಾ, ನಾವು ಹೇಳೋಣ್ವಾ?"

"ನಾನೇ ಹೇಳ್ತೀನಿ."

"ಹನ್ನೊಂದನೇ ಪ್ರಶ್ನೆಗೆ ಏನ್ ಬರೀಲಿ?"

"ಗೊತ್ತಿಲ್ಲ ಅಂತ ಬರಿ."

ಇಮ್ಕೆ ಮೆಲ್ಲಗೆ, ಅವನದೇ ಬೆಚ್ಚಗಿನ ದನಿಯಲ್ಲಿ, "ಅವಸರ ಇಲ್ಲ ಮೆನ್ನೊ" ಎಂದಳು.

ಗೊತ್ತಿತ್ತು. ಮಾರ್ಚ್, ಉಟ್ರೆಕ್ಟ್, ರೈಲು ನಿಲ್ದಾಣದ ಎದುರಿನ ಹೋಟೆಲು. ಎರಡು ದಿನದ ಶಿಬಿರ. ವಿಷಯ, ಎಚ್‌ಐವಿ ಇರುವವರಲ್ಲಿ ಜೊತೆ ಸೋಂಕಿನ ಅಪಾಯಗಳು. ಮೊದಲ ದಿನ ಬಾಗಿಲಲ್ಲೇ ಬಟ್ಟೆಯ ಚೀಲ ಕೊಟ್ಟಿದ್ದರು, ಒಳಗೆ ಪೆನ್ನು, ಬರೆಯುವ ಪುಸ್ತಕ, ಪುದೀನ ಮಿಠಾಯಿ, ಆರು ಕಾಂಡೋಮು. ಮೆನ್ನೊ ಚೀಲವನ್ನು ಸಭಾಂಗಣದ ಕುರ್ಚಿಯಲ್ಲೇ ಮರೆತಿದ್ದ. ಮಧ್ಯಾಹ್ನದ ಬಿಡುವಿನಲ್ಲಿ, ರಾಟರ್‌ಡ್ಯಾಮಿನಿಂದ ಬಂದಿದ್ದ, ಬಣ್ಣದ ನಕ್ಷೆಗಳನ್ನು ಎಷ್ಟೋ ಚೆನ್ನಾಗಿ ವಿವರಿಸಿದ್ದ ಒಬ್ಬ ಮನುಷ್ಯ, "ನಿಮ್ಮ ದನಿ ಕೇಳ್ತಾ ಇದ್ರೆ ಎಲ್ಲಾ ಒಪ್ಪಿಕೊಂಡುಬಿಡೋಣ ಅನ್ಸತ್ತೆ" ಎಂದ. ಅರವತ್ತೊಂದನೆಯ ವಯಸ್ಸಿನಲ್ಲಿ ಅಷ್ಟು ಸಾಕಾಯಿತು, ಇಬ್ಬರೂ ಮೇಲಿನ ಕೋಣೆಗೆ ಹೋದರು. ಚೀಲಕ್ಕಾಗಿ ಕೆಳಗೆ ಹೋಗಿ ಬರಬಹುದಿತ್ತು, ಲಿಫ್ಟ್ ಇತ್ತು. ಹೋದರೆ ತಾನು ವಾಪಸು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ. ಆಮೇಲೆ ಸಭೆಗೆ ಸರಿಯಾದ ಹೊತ್ತಿಗೆ ಮರಳಿ, ಹೆಪಟೈಟಿಸ್ ಸಿ ಬಗ್ಗೆ ಬುದ್ಧಿವಂತಿಕೆಯ ಒಂದು ಪ್ರಶ್ನೆಯನ್ನೂ ಕೇಳಿದ್ದ. ಎಚ್‌ಐವಿಯನ್ನು ಮೂಲೆಯಲ್ಲಿ ಕೂರಿಸಿರುವ ಮಾತ್ರೆಗಳಿಗೆ ಈ ಇನ್ನೊಂದರ ಪರಿಚಯವೇ ಇಲ್ಲ ಎಂಬ ಮಾತನ್ನು ಅವನು ಎಷ್ಟು ಜನಕ್ಕೆ ಹೇಳಿಲ್ಲ? ವಿಚಿತ್ರವೆಂದರೆ ಅವನಿಗೆ ಮೊದಲನೆಯದರ ಬಗ್ಗೆ ನಾಚಿಕೆಯಿರಲಿಲ್ಲ. ಅದು ಕೇಸ್‌ನ ಕಾಲದ್ದು, ಅದಕ್ಕೆ ಒಂದು ಗೌರವವಿತ್ತು, ಅದರ ಹಿಂದೆ ಶವಯಾತ್ರೆಗಳಿದ್ದವು. ಇದಕ್ಕೆ ಪುದೀನ ಮಿಠಾಯಿ.

ಮಧ್ಯಾಹ್ನ ಎರಡಕ್ಕೆ ಬಾಗಿಲ ಗಂಟೆ ಮೊಳಗತೊಡಗಿತು. ಬಂದವರು ರೂಲೊಫ್‌ಗೆ ಮೂರು ಮುತ್ತು ಕೊಟ್ಟು, ನಂತರ ವೃತ್ತವನ್ನು ಪೂರ್ತಿ ಸುತ್ತಿ ಕೂತಿದ್ದ ಪ್ರತಿಯೊಬ್ಬರ ಕೈಯನ್ನೂ ಕುಲುಕಿದರು. ಹುಟ್ಟುಹಬ್ಬದವನೊಬ್ಬನನ್ನೇ ಅಭಿನಂದಿಸಿದರೆ ಇಲ್ಲಿ ಸಾಲದು. ಅವನ ತಾಯಿಗೆ ಮಗನಿಗಾಗಿ, ತಂಗಿಗೆ ಅಣ್ಣನಿಗಾಗಿ, ನೆರೆಯವನಿಗೆ ನೆರೆಯವನಿಗಾಗಿ. "ನಿನ್ನ ಗಂಡನಿಗಾಗಿ ಅಭಿನಂದನೆ, ಮೆನ್ನೊ." "ಥ್ಯಾಂಕ್ಸ್, ನಿನ್ನ ಅಣ್ಣನಿಗಾಗಿ ಅಭಿನಂದನೆ." ಹತ್ತು ಸಲ ಅವನು ತನ್ನ ಗಂಡನಿಗಾಗಿ ಅಭಿನಂದನೆ ಸ್ವೀಕರಿಸಿದ. ರೂಲೊಫ್‌ನ ತಾಯಿ ಹಿಲ್ಲಿಗೆ ಎಂಬತ್ತಾರು. ಕೂತ ಕೂಡಲೇ ಶುರು ಮಾಡಿದಳು.

"ಏ ಮೆನ್ನೊ, ನನ್ನ ಕುರ್ಚಿ ಯಾಕೆ ಕಿಟಕಿ ಹತ್ರ ಹಾಕಿದ್ದೀಯ? ಗಾಳಿ ಬಡಿದು ಸಾಯ್ಲಿ ಅಂತಾನಾ?"

"ನೀವು ಸಾಯೋದಾಗಿದ್ರೆ ಯಾವತ್ತೋ ಸಾಯ್ತಿದ್ರಿ ಅಮ್ಮಾ" ಎಂದ ಬೆರ್ಟಸ್, ಬಾಯ್ತುಂಬ ಕೇಕಿಟ್ಟುಕೊಂಡು.

"ನಿನ್ನ ಕುರ್ಚೀನೇ ನನಗೆ ಹಾಕಿರೋದು, ಕಿರ್ರೋ ಅಂತದೆ. ನಿನ್ನ ಹಾಗೇ."

ಎಲ್ಲರೂ ನಕ್ಕರು. ಒಂದು ಕುರ್ಚಿ ಮಾತ್ರ ಖಾಲಿಯಿತ್ತು. ರೂಲೊಫ್‌ನ ಗಾಯನ ಮೇಳದ ಲಾಂಬರ್ಟ್ ತಡವಾಗಿ ಬರುತ್ತೇನೆಂದು ತಿಳಿಸಿದ್ದ. ಎರಡನೆಯ ಸುತ್ತು ಕಾಫಿಯಾಗುವ ಹೊತ್ತಿಗೆ ರೂಲೊಫ್‌ನ ಫೋನು ಬಿಟ್ಟು ಬಿಟ್ಟು ಟಿಣ್ ಎನ್ನುತ್ತಿತ್ತು. ಹಿಲ್ಲಿ, "ಯಾರೋ ಅದು, ಜೋರಾಗಿ ಓದು, ನಮಗೂ ಕೇಳ್ಲಿ" ಎಂದಳು. ರೂಲೊಫ್ ಕನ್ನಡಕವೇರಿಸಿ ಮೇಳದಲ್ಲಿ ಹಾಡುವ ತುಂಬು ಕಂಠದಲ್ಲಿ ಓದತೊಡಗಿದ. ಹಳೆಯ ಸಹೋದ್ಯೋಗಿಯದೊಂದು, ಗ್ರೋನಿಂಗನ್ನಿನ ಚಿಕ್ಕಮ್ಮನದೊಂದು, ಹಲ್ಲಿನ ವೈದ್ಯರ ಕಡೆಯಿಂದಲೂ ಒಂದು. ಮೂರೂ ಇಪ್ಪತ್ತಕ್ಕೆ ಮತ್ತೊಮ್ಮೆ ಟಿಣ್ ಎಂದಿತು.

"ಓಹೋ, ನಗರದ ಆರೋಗ್ಯ ಇಲಾಖೆ!" ಎಂದ ರೂಲೊಫ್. "ಅರವತ್ತಾದ ತಕ್ಷಣ ಹಿಡ್ಕೊಂಡ್ರು ನೋಡಿ."

ಮೆನ್ನೊಗೆ ತನ್ನ ಕೈಯಲ್ಲಿದ್ದ ಕೇಕಿನ ತಟ್ಟೆ ಎಷ್ಟು ಭಾರವೆಂದು ಆ ಕ್ಷಣ ತಿಳಿಯಿತು. ಶನಿವಾರ, ಎಂದುಕೊಂಡ. ಇವತ್ತು ಶನಿವಾರ. ರೂಲೊಫ್, "ನೀವು ಇತ್ತೀಚೆಗೆ ನಿಕಟವಾಗಿದ್ದ ಒಬ್ಬರು" ಎಂದು ತುಂಬು ಕಂಠದಲ್ಲೇ ಆರಂಭಿಸಿ, ನಿಲ್ಲಿಸಿದ. ಅವನ ಕಣ್ಣುಗಳು ಕೆಳಗಿಳಿದವು, ಮತ್ತೆ ಮೇಲಿನಿಂದ ಇಳಿದವು.

"ಏನಂತೆ?" ಎಂದಳು ಹಿಲ್ಲಿ.

"ಏನಿಲ್ಲಮ್ಮ, ಫ್ಲೂ ಚುಚ್ಚುಮದ್ದು."

"ಮೇ ತಿಂಗಳಲ್ಲಾ?"

"ಬೇಗ ಶುರು ಮಾಡಿದ್ದಾರೆ" ಎಂದ ರೂಲೊಫ್, ಫೋನನ್ನು ಅಂಗಿಯ ಜೇಬಿಗೆ ಹಾಕಿ ಜೇಬಿನ ಗುಂಡಿ ಹಾಕಿಕೊಂಡ. ಆ ಗುಂಡಿಯನ್ನು ಅವನು ಹಾಕಿದ್ದನ್ನು ಮೆನ್ನೊ ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ.

ಮುಂದಿನ ಕೆಲಸದ ದಿನ ಎಂದು ಮೆನ್ನೊಗೆ ಹೇಳಿದವರು ಯಾರು? ಯೋಚಿಸಿದರೆ ಯಾರೂ ನೆನಪಾಗಲಿಲ್ಲ. ಕರಪತ್ರದಲ್ಲಿ ಹಾಗೆ ಬರೆದಿರಲಿಲ್ಲ. ಮೊದಲ ವರ್ಷ ಯಾರೋ ಕೇಳಿದಾಗ ಅವರ ಸಮಾಧಾನಕ್ಕೆ ಅವನೇ ಹೇಳಿದ್ದ; ಆಮೇಲೆ ಹೇಳುತ್ತ ಹೇಳುತ್ತ ಅದು ನಿಯಮವಾಯಿತು. ಆ ಲಾರಿ ಚಾಲಕ. ಶುಕ್ರವಾರವಾದರೂ ಬೇರೆ ದಿನ ಬರಲಾಗದೆಂದು ಬಂದಿದ್ದ, ದೊಡ್ಡ ಕೈಗಳಲ್ಲಿ ಟೋಪಿ ಹಿಂಡುತ್ತ ಅತ್ತಿದ್ದ. ಹೆಂಡತಿಗೆ ಭಾನುವಾರ ಚರ್ಚು ಮುಗಿದ ಮೇಲೆ ತಾನೇ ಹೇಳುತ್ತೇನೆ, ಆದರೂ ಧೈರ್ಯ ಸಾಲದಿದ್ದರೆ ಇರಲಿ ಎಂದು ಸಂದೇಶವನ್ನೂ ಹಾಕಿಸಿದ್ದ. "ಸೋಮವಾರದ ತನಕ ನೆಮ್ಮದಿಯಾಗಿರಿ" ಎಂದು ಮೆನ್ನೊ ಅವನ ಭುಜ ತಟ್ಟಿದ್ದ. ಅವನು ಮತ್ತೆ ಬರಲೇ ಇಲ್ಲ. ನಮೂನೆಯ ಕೊನೆಯ ಸಾಲಿನಲ್ಲಿ ಮೆನ್ನೊ 'ಸಂಪರ್ಕ ತಪ್ಪಿದೆ' ಎಂದು ಅಂದವಾದ ಅಕ್ಷರದಲ್ಲಿ ಬರೆದು, ಜನ ಹೇಗೆ ಜವಾಬ್ದಾರಿ ಬಿಟ್ಟು ಓಡುತ್ತಾರೆಂದು ಇಮ್ಕೆಯ ಹತ್ತಿರ ಬೇಸರಪಟ್ಟಿದ್ದ.

"ಮೆನ್ನೊ, ಸ್ವಲ್ಪ ಬಾ, ಚೀಸ್ ಕತ್ತರಿಸ್ಬೇಕು" ಎಂದು ರೂಲೊಫ್ ಕರೆದ.

ಅಡುಗೆಮನೆಯ ಬಾಗಿಲು ಮುಚ್ಚಿ ರೂಲೊಫ್ ಅದಕ್ಕೆ ಬೆನ್ನು ಕೊಟ್ಟು ನಿಂತ. ಈಗ, ಎಂದುಕೊಂಡ ಮೆನ್ನೊ. ಈಗ ಇವನು ಕೇಳುತ್ತಾನೆ, ನಾನು ಹೇಳುತ್ತೇನೆ, ಇದು ಮುಗಿಯುತ್ತದೆ. ಅದೊಂದು ಬಿಡುಗಡೆಯಂತೆಯೇ ಕಂಡಿತು. ಆದರೆ ರೂಲೊಫ್ ಕೇಳಲಿಲ್ಲ.

"ನಾನೊಂದು ಹೇಳ್ಬೇಕು. ಕೂಗಾಡ್ಬೇಡ, ಅಮ್ಮ ಇದ್ದಾಳೆ." ಫೋನು ಕೊಟ್ಟ. ಮೆನ್ನೊ ತಾನು ಕಳಿಸಿದ್ದನ್ನು ಓದಿದ. ಹೆಪಟೈಟಿಸ್ ಸಿ. ರಕ್ತಪರೀಕ್ಷೆ ಮಾಡಿಸಿಕೊಳ್ಳಿ. ಇದನ್ನು ಕಳಿಸಿದವರು ಹೆಸರು ತಿಳಿಸಲು ಇಚ್ಛಿಸಿಲ್ಲ. "ಲಾಂಬರ್ಟ್" ಎಂದ ರೂಲೊಫ್. "ಫೆಬ್ರವರೀಲಿ. ಈಸ್ಟರ್ ತಾಲೀಮು ನಡೀತಿತ್ತಲ್ಲ, ಆಗ. ಎರಡೇ ಸಲ. ಯಾಕೆ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ. ಅರವತ್ತಾಗ್ತಾ ಬಂತು ಅಂತ ಇರ್ಬೇಕು."

ಮೆನ್ನೊನ ಮನಸ್ಸು ಮೊದಲು ಮಾಡಿದ್ದು ದುಃಖಪಡುವುದನ್ನಲ್ಲ. ಅದು ನೀಲಿ ನಮೂನೆಯನ್ನು ತೆರೆಯಿತು. ಜನವರಿಯಲ್ಲಿ ತನ್ನ ರಕ್ತ ಸ್ವಚ್ಛ. ಫೆಬ್ರವರಿ ಲಾಂಬರ್ಟ್. ಮಾರ್ಚ್ ಉಟ್ರೆಕ್ಟ್. ಹಾಗಾದರೆ ಇದು ಇವನಿಂದಲೇ ನನಗೆ ಬಂದಿರಬಹುದು; ಹಾಗಾದರೆ ನಾನು ಏನೂ ಮಾಡದವನು, ಮಾಡಿದ್ದರೂ ಮಾಡದವನು; ಮನೆಯಲ್ಲಿ ಕೂತಲ್ಲೇ ಸೋಂಕು ತಗುಲಿಸಿಕೊಂಡ ನತದೃಷ್ಟ ಗಂಡ. ಎದೆಯೊಳಗೆ ಏನೋ ಹಗುರವಾಗಿ ಮೇಲೆದ್ದಿತು. ಅದು ಸಂತೋಷವೆಂದು ಗುರುತಿಸಿದ ಮೇಲೂ ಅದನ್ನು ತಡೆಯಲು ಅವನಿಗೆ ಸ್ವಲ್ಪ ಸಮಯ ಬೇಕಾಯಿತು.

"ಮೊದಲು ನಿನ್ನೇ ನೆನೆಸ್ಕೊಂಡೆ ಕಣೋ" ಎಂದ ರೂಲೊಫ್. "ಆಮೇಲೆ ನನಗೇ ನಗು ಬಂತು. ನೀನಾಗಿದ್ರೆ ಎದುರಿಗೇ ಹೇಳ್ತಿದ್ದೆ. ಮೊದಲ್ನೇ ದಿನ ಊಟಕ್ಕೆ ಕೂತಾಗ ಸೂಪು ಬರೋಕ್ಮುಂಚೇನೇ ಎಚ್‌ಐವಿ ಇದೆ ಅಂತ ಹೇಳಿದವನು ನೀನು. ಸರ್ವರ್ ಪಾಪ ತಟ್ಟೆ ಹಿಡ್ಕೊಂಡು ಅಲ್ಲೇ ನಿಂತುಬಿಟ್ಟಿದ್ದ. ಈ ಲಾಂಬರ್ಟ್ ನೋಡು, ಹೆಸರು ಹೇಳೋ ಯೋಗ್ಯತೇನೂ ಇಲ್ಲ. ಅದೂ ಇವತ್ತು. ಹುಟ್ಟಿದ ದಿನ ನೋಡ್ಕೊಂಡು. ಎಂಥಾ ಹೇಡಿ ಇರ್ಬೇಕು ಇವ್ನು!"

"ಅವನಿಗೆ ಹೆದರಿಕೆ ಆಗಿರ್ಬಹುದು" ಎಂದ ಮೆನ್ನೊ.

"ನೀನು ಬೇರೆ ಅವನ ಪರ ಮಾತಾಡು! ನೀನು ದೇವರು ಕಣೋ." ರೂಲೊಫ್ ಅತ್ತೇಬಿಟ್ಟ. ಮೆನ್ನೊ ಅವನನ್ನು ತಬ್ಬಿ, ಬೆನ್ನು ಸವರುತ್ತ, ತಲೆಯನ್ನು ತುಸು ವಾಲಿಸಿದ್ದು ಅವನಿಗೇ ತಡವಾಗಿ ಗಮನಕ್ಕೆ ಬಂತು. "ರಕ್ಷಣೆ ಏನಾದ್ರೂ..." ಎಂದು ಕೇಳಿಯೂಬಿಟ್ಟಿದ್ದ, ಬೆಚ್ಚಗಿನ ದನಿಯಲ್ಲಿ. ರೂಲೊಫ್ ಇಲ್ಲವೆಂದು ತಲೆಯಾಡಿಸಿದ. "ಮಂಗಳವಾರ ನಿನ್ನ ಹತ್ರಾನೇ ಬರ್ತೀನಿ, ಆ ನಮೂನೆ ನೀನೇ ತುಂಬು" ಎಂದ. "ಬೇರೆಯವರ ಮುಂದೆ ಹೇಳೋಕೆ ನಾಚಿಕೆ. ಕ್ಷಮಿಸ್ತೀಯಾ?" ಹೇಳಲು ಅಲ್ಲಿ ಬೇಕಾದಷ್ಟು ಹೊತ್ತಿತ್ತು. ಯಾರೂ ಬಾಗಿಲು ತಟ್ಟಲಿಲ್ಲ, ಯಾರೂ ಕರೆಯಲಿಲ್ಲ. ಮೆನ್ನೊ, "ಕ್ಷಮಿಸೋದೇನು ಬಂತು" ಎಂದ. ಅದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಬಳಿಕ ಇಬ್ಬರೂ ಸೇರಿ ಚೀಸನ್ನು ಚೌಕ ಚೌಕವಾಗಿ ಕತ್ತರಿಸಿದರು.

ಅವರು ತಟ್ಟೆ ಹಿಡಿದು ಬರುವ ಹೊತ್ತಿಗೆ ಲಾಂಬರ್ಟ್ ಬಂದಿದ್ದ. ಎತ್ತರದ, ಕೆಂಪು ಕಿವಿಗಳ, ಸಂಕೋಚದ ಮನುಷ್ಯ. ಎದೆಗೆ ಒತ್ತಿ ಹಿಡಿದ ಹೂಗುಚ್ಛದಿಂದ ನೀರು ಅಂಗಿಗೆ ಇಳಿಯುತ್ತಿತ್ತು. ರೂಲೊಫ್ ಹೂಗಳನ್ನು ತೆಗೆದುಕೊಂಡ, ಕೆನ್ನೆ ಕೊಡಲಿಲ್ಲ. "ಬಂದ್ಯಾ. ಧೈರ್ಯಾನೇ" ಎಂದ. ಲಾಂಬರ್ಟ್‌ಗೆ ಅರ್ಥವಾಗಲಿಲ್ಲ. ತಡವಾಗಿ ಬಂದದ್ದಕ್ಕೆ ಎಂದುಕೊಂಡು, "ರೈಲು ಕೈ ಕೊಡ್ತು" ಎಂದ. ನಂತರ ವೃತ್ತವನ್ನು ಸುತ್ತತೊಡಗಿದ. ಹಿಲ್ಲಿಗೆ ಮಗನಿಗಾಗಿ. ಬೆರ್ಟಸ್‌ಗೆ ನೆರೆಯವನಿಗಾಗಿ. ಒದ್ದೆ ಕೈ ಮೆನ್ನೊನ ಮುಂದೆ ಬಂತು.

"ನಿಮ್ಮ ಗಂಡನಿಗಾಗಿ ಅಭಿನಂದನೆ."

"ಥ್ಯಾಂಕ್ಸ್" ಎಂದ ಮೆನ್ನೊ. ಬೇರೆ ಮಾತು ಆ ವೃತ್ತದಲ್ಲಿ ಇರಲಿಲ್ಲ.

ಲಾಂಬರ್ಟ್ ಖಾಲಿ ಕುರ್ಚಿಯಲ್ಲಿ ಕೂತ. ಕೇಕಿನ ತಟ್ಟೆ ಅವನನ್ನು ದಾಟಿ ಹೋಯಿತು. ರೂಲೊಫ್ ಅವನ ಕಡೆ ನೋಡಲೂ ಇಲ್ಲ. ಅವನು ಮೊಣಕಾಲ ಮೇಲೆ ದೊಡ್ಡ ಕೈಗಳನ್ನಿಟ್ಟುಕೊಂಡು, ತಾನು ಏನು ತಪ್ಪು ಮಾಡಿದೆನೆಂದು ಹುಡುಕುತ್ತಿದ್ದ. ಆ ಹುಡುಕಾಟ ಮೆನ್ನೊಗೆ ಚೆನ್ನಾಗಿ ಗೊತ್ತು. ಒಂಬತ್ತು ವರ್ಷದಿಂದ ಅವನು ಅದರ ಎದುರು ಕೂತಿದ್ದಾನೆ. ಈ ಮನುಷ್ಯನೂ ರಕ್ತ ಕೊಡಬೇಕು, ಇವನಿಗೆ ಯಾರು ಹೇಳುತ್ತಾರೆ? ರೂಲೊಫ್ ಹೇಳುವುದಿಲ್ಲ, ಕಳಿಸಿದವನೇ ಇವನೆಂದುಕೊಂಡಿದ್ದಾನೆ. ಮಂಗಳವಾರ ಇಮ್ಕೆ ಹೇಗೂ ತಮ್ಮಿಬ್ಬರ ನಮೂನೆಗಳನ್ನು ಅಕ್ಕಪಕ್ಕ ಇಡುತ್ತಾಳೆ. ಲಾಂಬರ್ಟ್ ಟೋಪಿ ತಂದಿರಲಿಲ್ಲ, ಆದರೆ ತಂದಿದ್ದರೆ ಹಿಂಡುತ್ತಿದ್ದ.

"ಎಲ್ಲಾ ಬಂದಾಯ್ತಲ್ಲ, ಹಾಡಿ ಮತ್ತೆ" ಎಂದಳು ಹಿಲ್ಲಿ. "ನಾನಿನ್ನೂ ಬದುಕಿರೋವಾಗ್ಲೇ."

ಎಲ್ಲರೂ ಎದ್ದು ನಿಂತರು. ಚಿರಕಾಲ ಬಾಳಲಿ ಎಂಬ ಹಾಡನ್ನು ಪ್ರತಿಯೊಬ್ಬರೂ ಅವರವರ ಶ್ರುತಿಯಲ್ಲಿ ಹಾಡಿದರು. ಲಾಂಬರ್ಟ್ ಮಾತ್ರ ಸರಿಯಾದ ಶ್ರುತಿಯಲ್ಲಿ, ತಗ್ಗಿದ ದನಿಯಲ್ಲಿ. ಹಾಡು ಮುಗಿಯುವುದರೊಳಗೆ ಮೆನ್ನೊ ವೃತ್ತದ ನಡುವೆ ಕಾಲಿಟ್ಟ. ಹುಟ್ಟುಹಬ್ಬದ ವೃತ್ತವನ್ನು ಯಾರೂ ಹಾಗೆ ಅಡ್ಡ ಹಾಯುವುದಿಲ್ಲ, ಸುತ್ತಿಯೇ ಹೋಗಬೇಕು. ಇಲ್ಲಿ ರೂಲೊಫ್ ಕೂಗಾಡಲಾರ, ತಾಯಿ ಇದ್ದಾಳೆ, ಅದಕ್ಕೇ ಈ ಹೊತ್ತನ್ನು ಆರಿಸಿಕೊಂಡೆ ಎಂಬುದೂ ಅವನಿಗೆ ನಡೆಯುವಾಗಲೇ ಗೊತ್ತಿತ್ತು. ತನ್ನ ಧೈರ್ಯವೂ ಸುರಕ್ಷಿತ ಜಾಗ ನೋಡಿಕೊಂಡೇ ಬರುತ್ತದೆ. ಹಾಡಿನ ಕೊನೆಗೆ ಕೈ ಎತ್ತಿ ಕೂಗುವ ಮೂರು ಹುರ್ರಾಗಳಲ್ಲಿ ಮೊದಲನೆಯದಕ್ಕೆ ಎಲ್ಲರ ಕೈಗಳೂ ಮೇಲೆದ್ದವು, ರೂಲೊಫ್‌ನವೂ. ಮೆನ್ನೊ ಅವನ ಕಿವಿಗೆ ಬಾಯಿಟ್ಟ.

"ಅದನ್ನ ಕಳಿಸಿದ್ದು ನಾನು. ಲಾಂಬರ್ಟ್ ಅಲ್ಲ. ಮಾರ್ಚ್‌ನಲ್ಲಿ, ಉಟ್ರೆಕ್ಟ್‌ನಲ್ಲಿ, ನಾನೂ."

"ನೋಡ್ರೇ ಇವರನ್ನ!" ಎಂದು ಹಿಲ್ಲಿ ಕೂಗಿದಳು. "ಇಪ್ಪತ್ತು ವರ್ಷ ಆಯ್ತು, ಇನ್ನೂ ಕಿವೀಲಿ ಪಿಸುಗುಟ್ತಾರೆ!" ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಎರಡನೆಯ ಹುರ್ರಾಕ್ಕೆ ರೂಲೊಫ್‌ನ ಕೈಗಳು ಅಭ್ಯಾಸದಿಂದ ಭುಜದ ತನಕ ಬಂದು ಅಲ್ಲೇ ನಿಂತವು. ಮುಖದಲ್ಲಿ ನಗು ಹಾಗೇ ಇತ್ತು, ತೆಗೆದಿಡಲು ಜಾಗ ಸಿಗದವನ ಹಾಗೆ. ಅವನು ಮೆನ್ನೊನನ್ನು ನೋಡಿದ, ವೃತ್ತದಾಚೆಯ ಲಾಂಬರ್ಟ್‌ನನ್ನು ನೋಡಿದ, ಮತ್ತೆ ಮೆನ್ನೊನನ್ನು.

ಮೂರನೆಯ ಹುರ್ರಾ ಬೆರ್ಟಸ್‌ನದು, ಎಲ್ಲಕ್ಕಿಂತ ಜೋರಿನದು. ಮೆನ್ನೊ ತನ್ನ ಕೈಗಳನ್ನೂ ಎತ್ತಿ, ತಲೆ ತಿರುಗಿಸದೆ, ಕಣ್ಣಂಚಿನಲ್ಲಿ ಮೇಲೆದ್ದ ಕೈಗಳನ್ನು ಎಣಿಸಿದ. ಇಪ್ಪತ್ತಾರು ಬೇಕಿತ್ತು, ಇಪ್ಪತ್ತನಾಲ್ಕಿದ್ದವು.